ಕಾಫಿ ಕೈ

…ಬಾ, ಬಾ, ಒಳಗೆ ಬಾ. ಬಾಗಿಲು ತಾನಾಗೇ ಹಾಕ್ಕೊಳ್ಳುತ್ತೆ ಬಿಡು. ಈಗ ಹೇಳು. ಹೊರಗಡೆ ಎಲ್ಲರ ಕಿವಿನೂ ನಿನ್ನ ಮೇಲೇ ಇದೆ. ಇಡೀ ಐಸಿಯುನಲ್ಲಿ ನೆಮ್ಮದಿಯಾಗಿ ಅಳೋಕೆ ಅಂತ ಇರೋದು ಈ ಔಷಧಿ ಕೋಣೆ ಒಂದೇ ಕಣೇ. ಮೂವತ್ತೊಂದು ವರ್ಷದಲ್ಲಿ ನಾನಿಲ್ಲಿ ಎಷ್ಟು ಸಲ ಅತ್ತಿದೀನೋ, ಈ ಬೀರುನೇ ಕೇಳು, ಲೆಕ್ಕ ಕೊಡುತ್ತೆ. ಅಳಬೇಕಾ? ಅಳು. ನಾನು ಆ ಕಡೆ ತಿರುಕ್ಕೋತೀನಿ.

ಏನಂದೆ? ವೇಟಿಂಗ್ ಲಿಸ್ಟಾ?

ಅಯ್ಯೋ ಕೊರಿನ್! ಮತ್ತೇನಾ! ಯಾವಾಗ ಬಂತು ಪಿಟ್ಸ್‌ಬರ್ಗ್ ಕಾಲೇಜಿನ ಮೇಲ್? ಬೆಳಿಗ್ಗೆನಾ? ಬೆಳಿಗ್ಗೆ ಬಂದಿದ್ದನ್ನ ಮಧ್ಯಾಹ್ನದ ತನಕ ಹೊಟ್ಟೇಲಿ ಇಟ್ಕೊಂಡು ಓಡಾಡ್ತಿದೀಯಲ್ಲೇ, ಹುಚ್ಚಿ. ನನ್ನ ಹತ್ರ ಬಂದು ಹೇಳೋದಲ್ವಾ? ಎಷ್ಟನೇ ನಂಬರು? … ಹನ್ನೊಂದು. ಹೂಂ. ಹನ್ನೊಂದು ಅಂದ್ರೆ… ಅರಿವಳಿಕೆ ಕೋರ್ಸಿಗೆ ಇರೋದು ಇಪ್ಪತ್ನಾಲ್ಕು ಸೀಟು, ಅದರಲ್ಲಿ ಹನ್ನೊಂದು ಜನ ಕೈಬಿಡಬೇಕು. ಬಿಡಬಹುದು! ಯಾಕೆ ಬಿಡಬಾರದು? ಯಾರಿಗೋ ಮದುವೆ ಆಗುತ್ತೆ, ಯಾರೋ ಬಸಿರಾಗ್ತಾರೆ, ಯಾರಿಗೋ ಬೇರೆ ಕಡೆ ಸಿಗುತ್ತೆ… ನಗ್ತೀಯಾ? ನಗು ಪರವಾಗಿಲ್ಲ. ಇದು ನಗು ಅಲ್ವಾ? ಸರಿ, ಸರಿ. ನನಗೆ ಗೊತ್ತಾಗಲಿಲ್ಲ.

ತಡಿ, ಹಾಗೇ ಮಾತಾಡ್ತಾ ಈ ಆರನೇ ಹಾಸಿಗೆ ಮುದುಕಂದು ಇನ್ಸುಲಿನ್ ತೆಗೆದುಬಿಡೋಣ. ಬಾಲಿಂಟ್‌ಗೆ ಸಕ್ಕರೆ ಇನ್ನೂರ ಹದಿನಾಲ್ಕು ಇದೆ, ಊಟದ ತಟ್ಟೆ ಬೇರೆ ಬಂತು. ತಿನ್ನೋದು ಎರಡು ಚಮಚ, ಬೈಯೋದು ಮಾತ್ರ ಹೊಟ್ಟೆ ತುಂಬ! ಬೀರು ಬೀಗಕ್ಕೆ ಬೆರಳು ಇಡ್ತೀನಿ ತಡಿ… ನೋಡು, ಮತ್ತೆ ಶುರುವಾಯ್ತು ಇದರ ವರಾತ. 'ಬೆರಳು ಅಲ್ಲಾಡಿಸಬೇಡಿ.' 'ಬೆರಳು ಅಲ್ಲಾಡಿಸಬೇಡಿ.' ಹಾಳಾದ ಯಂತ್ರ! ಹೊಸದು ತರಿಸ್ತೀನಿ ಅಂತ ಡೆನಿಸ್ ಹೇಳ್ತಾನೇ ಇದಾಳೆ. ನಮ್ಮ ಮೇಲಿನೋಳು ಅಂದ್ಮೇಲೆ ಹೇಳೋದಷ್ಟೇ ಅವಳ ಕೆಲಸ. ಸ್ವಲ್ಪ ನನ್ನ ಮಣಿಕಟ್ಟು ಹಿಡ್ಕೋ, ಎಂದಿನ ಹಾಗೆ. … ಹಿಡ್ಕೋಳೇ. … ಹಾಂ. ಬಂತು. ನಿನ್ನ ಕೈ ಎಷ್ಟು ತಣ್ಣಗಿದೆಯೇ!

ಹೂಂ, ಇಲ್ಲಿಡ್ತೀನಿ ಸೀಸೆ. ಸಿರಿಂಜ್ ಇಲ್ಲಿ.

ನೀನು ಕೊರಗಬೇಡ. ನಿನ್ನಂಥ ನರ್ಸ್ ಈ ಊರಲ್ಲೇ ಇಲ್ಲ, ನಾನು ಹೇಳ್ತೀನಿ ಕೇಳು. ಐದು ವರ್ಷ! ಐಸಿಯುಗೆ ಬಂದಾಗ ಹೇಗಿದ್ದೆ? ಉಸಿರಿನ ಯಂತ್ರ ಕೂಗಿದ್ರೆ ನೀನೂ ಕೂಗ್ತಿದ್ದೆ! ಈಗ? ಈಗ ಡಾಕ್ಟರುಗಳೇ ನಿನ್ನ ಮುಖ ನೋಡಿ ಮುಂದಿನ ಮಾತಾಡ್ತಾರೆ. ಆ ದಿನ ನೆನಪಿದೆಯಾ, ನಾಲ್ಕನೇ ಹಾಸಿಗೆ ಹೆಂಗಸಿಗೆ ಉಸಿರು ನಿಂತುಹೋಗಿ, ಕೆಳಗಿನ ಆಪರೇಷನ್ ಥಿಯೇಟರ್‌ನಿಂದ ಅರಿವಳಿಕೆ ನರ್ಸ್ ಬಂದಿದ್ದಳಲ್ಲ? ಆ ಗುಂಗುರು ಕೂದಲಿನೋಳು. ಎಲ್ಲರೂ ಓಡಾಡ್ತಾ ಕಿರುಚಾಡ್ತಾ ಇದ್ರೆ ಅವಳು ತಲೆದಿಂಬಿನ ಹತ್ರ ನಿಂತು, ಒಂದು ಮಾತಿಲ್ಲ ಕತೆಯಿಲ್ಲ, ಸರಕ್ ಅಂತ ಗಂಟಲಿಗೆ ನಳಿಗೆ ಇಳಿಸಿ, ಕೈಗವಸು ಬಿಚ್ಚಿ ಹೋಗೇಬಿಟ್ಟಳು. ಆವಾಗ ನಾನು ಆ ಹೆಂಗಸನ್ನ ನೋಡ್ತಿರಲಿಲ್ಲ ಕಣೇ, ನಿನ್ನ ನೋಡ್ತಿದ್ದೆ. ನಿನ್ನ ಕಣ್ಣು ಅವಳ ಕೈ ಬಿಟ್ಟು ಕದಲಲಿಲ್ಲ. ಅವತ್ತೇ ಅಂದ್ಕೊಂಡೆ, ಹೋಯ್ತು, ಈ ಹುಡುಗಿ ನಮ್ಮ ಕೈತಪ್ಪಿ ಹೋದ್ಲು ಅಂತ.

ಅಲ್ಲ, ಒಳ್ಳೇದಕ್ಕೇ ಅಂದ್ಕೊಂಡೆ. ಖುಷಿಯಾಗೇ ಅಂದ್ಕೊಂಡೆ.

ಆ ಕೋರ್ಸಿಗೆ ಬೇಕಾದ ಪರೀಕ್ಷೆಗೆ ಓದೋಕೆ ನಿನಗೆ ಚೀಟಿ ಬರೆದುಕೊಟ್ಟಿದ್ದು ಯಾರು? ಥಿಯೇಟರ್‌ನಲ್ಲಿ ನಾಲ್ಕು ದಿನ ನಿಂತು ನೋಡೋಕೆ ಹೋಗ್ತೀನಿ ಅಂದಾಗ ನಿನ್ನ ಪಾಳಿ ಅದಲು ಬದಲು ಮಾಡಿದ್ದು ಯಾರು? ಈ ಲೋರ್ನಾ ತಾನೇ? ಹೋದ ವರ್ಷ ಇಂಟರ್‌ವ್ಯೂಗೂ ಕರೀಲಿಲ್ಲ ಅಂತ ನೀನು ಮುಖ ಇಷ್ಟುದ್ದ ಮಾಡ್ಕೊಂಡು ಕೂತಾಗ, ಕೆಮಿಸ್ಟ್ರಿ ನಂಬರು ಕಮ್ಮಿ ಆಯ್ತೇನೋ, ಅದನ್ನೇ ಇನ್ನೊಂದು ಸಲ ಓದಿಬಿಡು ಅಂತ ದಾರಿ ತೋರಿಸಿದ್ದು ಯಾರು? ಎಂಟು ತಿಂಗಳು, ಒಂದು ಶನಿವಾರ ತಪ್ಪಿಸದೆ ಕ್ಲಾಸಿಗೆ ಹೋದೆಯಲ್ಲೇ! ಹಿಮ ಬಿದ್ದಾಗಲೂ ಹೋದೆ. ನನ್ನ ಗಂಡ ಸ್ಟಾನ್ ಹತ್ರ ಹೇಳ್ತಿದ್ದೆ, ಹುಡುಗಿ ಅಂದ್ರೆ ಹೀಗಿರಬೇಕು ನೋಡು ಅಂತ. ಅವನು ಮೂಗಲ್ಲಿ ಆಕ್ಸಿಜನ್ ನಳಿಗೆ ಇಟ್ಕೊಂಡೇ 'ಅವಳಿಗೆ ಪಿಯೆರೋಗಿ ಕಡುಬು ಕಳಿಸು, ಒಣಗಿದಾಳೆ' ಅಂದ. ಕಳಿಸಿದ್ನಾ ಇಲ್ವಾ? ಚರ್ಚ್‌ನೋರು ಮಾಡೋದಲ್ಲ, ನಾನೇ ಕೈಯಾರೆ… ಅಂದ್ರೆ ನನ್ನ ತಂಗಿ ಮಾಡಿದ್ದು. ಹಿಟ್ಟು ಮಡಚೋದು ನನಗೆ ಈಗ ಸರಿಯಾಗಿ ಬರಲ್ಲ.

ಯಾಕೆ ಒಂದೂ ಮಾತಾಡ್ತಿಲ್ಲ? ಬಾಯಲ್ಲಿ ಇನ್ನೂ ಆ ಪಿಯೆರೋಗಿನೇ ಇದೆಯಾ?

ಹೂಂ, ಹೇಳು. ಇಂಟರ್‌ವ್ಯೂದು ಹೇಳು. ಹೋದ ಗುರುವಾರ ಹೋಗಿ ಬಂದೋಳು, ಐದು ದಿನ ಆಯ್ತು, ತುಟಿ ಪಿಟಕ್ ಅಂದಿಲ್ಲ ನೀನು. ಮೂರು ಜನ ಕೂತಿದ್ರಾ? ಏನು ಕೇಳಿದ್ರು? ಬಿಪಿ ಬಿದ್ರೆ ಏನು ಮಾಡ್ತೀಯಾ ಅಂತನಾ? … ಹೇಳಿದೆ ತಾನೇ? ಅದೆಲ್ಲ ನಿನಗೆ ನಿದ್ದೇಲೂ ಬರುತ್ತೆ. ಮತ್ತೆ? … ಮತ್ತೆ ಏನು ಕೇಳಿದ್ರು?

ಕಾಫಿನಾ?

ಕಾಫಿ ಬೇಕಾ ಅಂತ ಕೇಳಿದ್ರಾ? … ಅಲ್ವಾ? … 'ದಿನಕ್ಕೆ ಎಷ್ಟು ಕಾಫಿ ಕುಡೀತೀರಿ?' ಅಂತನಾ? ಹೀಗೇ ಕೇಳಿದ್ರಾ?

ಹ್ಹ! ಇದೆಂಥಾ ಪ್ರಶ್ನೆನಪ್ಪ! ಅರಿವಳಿಕೆ ಕೊಡೋಕೂ ಕಾಫಿಗೂ ಎಲ್ಲಿಂದೆಲ್ಲಿಗೆ ಸಂಬಂಧ! ನಿದ್ದೆ ಮಾಡಿಸೋರು ಮೊದಲು ಎಚ್ಚರ ಇರಬೇಕಲ್ಲ, ಅದಕ್ಕೇ ಇರಬೇಕು… ತಮಾಷೆ ಮಾಡಿರ್ತಾರೆ ಕಣೇ. ಮಾತು ಹಗುರ ಮಾಡೋಕೆ ಏನೋ ಒಂದು ಕೇಳ್ತಾರೆ. ನೀನೇನಂದೆ? … ಜೀವನದಲ್ಲೇ ಕುಡಿದಿಲ್ಲ ಅಂದೆಯಾ? ನಿಜಾನೇ ಅಲ್ವಾ! ವಾಸನೆ ಬಂದ್ರೇ ನಿನಗೆ ಹೊಟ್ಟೆ ತೊಳಸುತ್ತೆ, ಮೂರು ಹೊತ್ತೂ ಶುಂಠಿ ಸೋಡಾ. ನಿಜ ಹೇಳಿದೆ ತಾನೇ, ಇನ್ನೇನು?

… ಮುಖ ಮುಖ ನೋಡ್ಕೊಂಡ್ರಾ? ಒಬ್ಬರನ್ನೊಬ್ಬರು? … ಬರ್ಕೊಂಡ್ರಾ.

ಏನು ಬರ್ಕೊಂಡ್ರು? … ಹೌದೌದು, ನಿನಗೆ ಹೇಗೆ ಗೊತ್ತಾಗಬೇಕು. ಸುಮ್ಮನೆ ಕೇಳಿದೆ. ಬರ್ಕೊಳ್ಳಲಿ ಬಿಡು. ಬರ್ಕೊಳ್ಳೋದಕ್ಕೇ ಕೂರಿಸಿರ್ತಾರೆ ಅವರನ್ನ. ಅದಕ್ಕೂ ಸೀಟಿಗೂ ಏನೂ ಇಲ್ಲ, ತಲೆ ಕೆಡಿಸ್ಕೋಬೇಡ. ಮುಂದಿನ ವರ್ಷ ಮತ್ತೆ ಹಾಕೋಣ. ನಾನಿದೀನಲ್ಲ. ಇನ್ನೊಂದು ವರ್ಷ ಅಂದ್ರೆ ಏನು ಮಹಾ! ಇಲ್ಲಿ ನಿನಗೇನು ಕಮ್ಮಿಯಾಗಿದೆ? ಪಾಳಿ ನೀನು ಕೇಳಿದ್ದೇ, ಹಾಸಿಗೆ ನೀನು ಕೇಳಿದ್ದೇ. ನೀನೂ ನಾನೂ ಒಂದೇ ಪಾಳಿ. ಯಾರ ಕಣ್ಣಾದ್ರೂ ಬಿದ್ದೀತು, ಅಷ್ಟು ಚೆನ್ನಾಗಿದೀವಿ.

ಈಗ ಏಳು, ಬಾಲಿಂಟ್ ಕಾಯ್ತಿದಾನೆ. ನಾಲ್ಕು ಯೂನಿಟ್. ತಗೋ.

ತಗೋಳೇ. ಯಾಕೆ ಕೈ ಕಟ್ಕೊಂಡು ನಿಂತಿದೀಯಾ? ಗೊತ್ತಲ್ಲ, ಇನ್ಸುಲಿನ್‌ಗೆ ಇಬ್ಬರು ಬೇಕು. ಒಬ್ಬಳು ಎಳೀಬೇಕು, ಇನ್ನೊಬ್ಬಳು ನೋಡಿ ಸಾಕ್ಷಿ ಬೆರಳು ಇಡಬೇಕು. ನೀನು ಎಳೀ, ನಾನು ಸಾಕ್ಷಿ. ಯಾವಾಗಲೂ ಮಾಡೋ ಹಾಗೇ… ನಾನೇ ಎಳೀತಿದ್ದೆ, ಆದ್ರೆ ಬೆಳಿಗ್ಗೆಯಿಂದ ನಂದು ಕಾಫಿ ಕೈ ಕಣೇ, ಮೂರು ಲೋಟ ಕುಡಿದುಬಿಟ್ಟೆ, ನೋಡು ಹೇಗೆ ನಡುಗ್…

…

ಏನು?

ಏನು ಹಾಗೆ ನೋಡ್ತೀಯಾ?

ನಾನು ಏನಂದೆ ಈಗ? ಕಾಫಿ… ಹೂಂ, ಅದು ಎಲ್ಲರೂ ಅನ್ನೋದೇ ಅಲ್ವಾ! ಎಲ್ಲರೂ ಅಂತಾರೆ. ಇಲ್ಲಿ ಎಲ್ಲರೂ… ಹೌದು, ಮೊದಲು ನಾನೇ ಅಂದಿದ್ದು. ಮೂರು ವರ್ಷದ ಹಿಂದೆ ಆ ತಟ್ಟೆ ಬೀಳಿಸಿದ್ನಲ್ಲ, ಆವತ್ತು ಡೆನಿಸ್ ಮುಂದೆ ಅಂದೆ, 'ಏನಿಲ್ಲ, ಕಾಫಿ ಕೈ' ಅಂತ. ಎಲ್ಲರೂ ನಕ್ಕರು. ಆಮೇಲೆ ಅದೇ ನನ್ನ ಹೆಸರಾಯ್ತು. ಆದ್ರೆ ಪಿಟ್ಸ್‌ಬರ್ಗ್‌ನಲ್ಲೂ ಯಾರಾದ್ರೂ ಅನ್ನಬಹುದು. ಯಾಕೆ ಅನ್ನಬಾರದು? ಅಲ್ಲಿನೋರು ಕಾಫಿ ಕುಡಿಯಲ್ವಾ?

ಕೊರಿನ್, ಮಾತಾಡು.

ಮಾತಾಡೇ! ಬೈಯೋದಿದ್ರೆ ಬೈ. ಬಾಗಿಲು ಹಾಕಿದೆ, ಯಾರಿಗೂ ಕೇಳಲ್ಲ.

… ನೋಡು, ಕೇಳು. ನಿನ್ನ ಶಿಫಾರಸಿನಲ್ಲಿ ನಾನು ಕೆಟ್ಟದಾಗಿ ಏನೂ ಬರೆದಿಲ್ಲ. ದೇವರಾಣೆ! ಎರಡು ಪುಟ ಬರೆದಿದೀನಿ. ನೀನು ಎಷ್ಟು ಜಾಣೆ, ರೋಗಿಗಳ ಮನೆಯೋರ ಹತ್ರ ಎಷ್ಟು ಮೆತ್ತಗೆ ಮಾತಾಡ್ತೀಯಾ, ಒಂದು ದಿನ ತಡವಾಗಿ ಬಂದಿಲ್ಲ… ಓದಿದ್ರೆ ನೀನೇ ಅತ್ತುಬಿಡ್ತಿದ್ದೆ. ಓದೋ ಹಾಗಿಲ್ಲ, ಅರ್ಜೀಲಿ ನೀನೇ ಸಹಿ ಹಾಕಿದೀಯ, ಶಿಫಾರಸು ಪತ್ರ ನಾನು ನೋಡೋಕೆ ಕೇಳಲ್ಲ ಅಂತ. ಎಲ್ಲರೂ ಹಾಕ್ತಾರೆ. ಹಾಕದಿದ್ರೆ ನಂಬಿಕೆ ಇಲ್ಲ ಅಂದ್ಕೋತಾರೆ. ನೀನು ನಂಬಿದ್ದೆ. ಹೂಂ.

ಆನ್‌ಲೈನ್ ಫಾರಂ ಕೊನೇಲಿ ಒಂದು ಚೌಕ ಇತ್ತು. 'ಈಕೆಯ ಕೊರತೆ ಏನು?' ಅಂತ. ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ ಅದು. ಏನಾದ್ರೂ ಬರೀಲೇಬೇಕು. ಒಂದು ಗಂಟೆ ಕೂತೆ ಕೊರಿನ್. ನಿನ್ನಲ್ಲಿ ಕೊರತೆ ಹುಡುಕ್ತಾ ಒಂದು ಗಂಟೆ ಕೂತೆ! ಸಿಗಲಿಲ್ಲ. ಆಮೇಲೆ… ನನಗೆ ಗೊತ್ತಿರೋ ಕೊರತೆ ಒಂದೇ ಆಗಿತ್ತು. ಅದನ್ನೇ ಬರೆದೆ. 'ಒತ್ತಡ ಬಿದ್ದಾಗ ಸ್ವಲ್ಪ ಕಾಫಿ ಕೈ, ಅಭ್ಯಾಸದಿಂದ ಸರಿ ಹೋಗಬಹುದು.' ಅಷ್ಟೇ. ಒಂದೇ ಸಾಲು. ಹಗುರವಾಗೇ ಬರೆದೆ, ತಮಾಷೆ ಥರ.

ಅವರು ತಮಾಷೆ ಥರ ಓದಲಿಲ್ಲ ಅಂತ ಕಾಣುತ್ತೆ.

ನೀನು ಕಾಫಿನೇ ಕುಡಿಯಲ್ಲ ಅಂದಾಗ ಏನಂದ್ಕೊಂಡಿರ್ತಾರೆ… ಸುಳ್ಳು ಹೇಳ್ತಿದಾಳೆ ಅಂತ. ಅಲ್ವಾ? ನಿಜ ಹೇಳಿದ್ದಕ್ಕೇ ಸುಳ್ಳಿ ಅನ್ನಿಸ್ಕೊಂಡೆ. ಅದು ನನಗೆ ಹೊಳೆಯಲೇ ಇಲ್ಲ ನೋಡು, ನೀನು ಕಾಫಿ ಕುಡಿಯಲ್ಲ ಅನ್ನೋದು. ಬೇರೆ ಏನಾದ್ರೂ ಬರೆದಿದ್ರೆ… ಛೀ. ಏನು ಮಾತಾಡ್ತಿದೀನಿ ನಾನು!

ಏನು? ಏನದು ಬೆರಳು? … ಎರಡು? ಎರಡು ಏನು?

… ಓ.

ಹೋದ ವರ್ಷದ್ದಾ.

ಅದನ್ನ ಕೇಳಬೇಡ.

… ಹೂಂ. ಹೂಂ! ಹೋದ ವರ್ಷವೂ! ಅದೇ ಪತ್ರ. ಈ ವರ್ಷ ತಾರೀಖು ಮಾತ್ರ ಬದಲಾಯಿಸಿ ಕಳಿಸಿದೆ. ಈಗ ಸಮಾಧಾನ ಆಯ್ತಾ? ಕೆಮಿಸ್ಟ್ರಿ ಚೆನ್ನಾಗೇ ಇತ್ತು ನಿಂದು. ಮೊದಲೇ ಚೆನ್ನಾಗಿತ್ತು. ಎಂಟು ತಿಂಗಳು ಶನಿವಾರ… ಹಿಮದಲ್ಲಿ… ನೀನು ಬಸ್ ಸ್ಟಾಪಲ್ಲಿ ನಿಂತಿರೋದನ್ನ ಒಂದು ಸಲ ಕಾರಲ್ಲಿ ಹೋಗ್ತಾ ನೋಡಿದೆ. ನಿಲ್ಲಿಸೋಣ ಅಂದ್ಕೊಂಡೆ. ನಿಲ್ಲಿಸಲಿಲ್ಲ. ನಿಲ್ಲಿಸಿದ್ರೆ ಹೇಳಿಬಿಡ್ತೀನೇನೋ ಅಂತ ಭಯ ಆಯ್ತು.

ಯಾಕೆ ಅಂತ ಕೇಳು. ಕೇಳಬಾರದಾ? ಒಂದು ಮಾತು ಕೇಳಿದ್ರೆ ಹೇಳೋಕೆ ನನಗೂ ಸುಲಭ ಆಗುತ್ತಲ್ಲೇ!

ಸರಿ, ನಾನೇ ಹೇಳ್ತೀನಿ. ಇದು ಕಾಫಿ ಅಲ್ಲ. ನಿನಗೆ ಗೊತ್ತು. ನಿನಗೆ ಮೊದಲ ದಿನದಿಂದಲೂ ಗೊತ್ತು, ಆದ್ರೂ ಒಂದು ದಿನ ಕೇಳಲಿಲ್ಲ, ಸುಮ್ಮನೆ ನನ್ನ ಕೈಯಿಂದ ಸಿರಿಂಜ್ ತಗೊಂಡೆ. ಆವತ್ತಿಂದ ಸೂಜಿ ಚುಚ್ಚೋದಿದ್ರೆ ನೀನು, ಔಷಧಿ ಎಳೆಯೋದಿದ್ರೆ ನೀನು. ನಾನು ಬಾಯಿ, ನೀನು ಕೈ. ಎರಡು ವರ್ಷದ ಹಿಂದೆ ಊರು ಬಿಟ್ಟು ಊರಿಗೆ ಹೋಗಿ ತೋರಿಸ್ಕೊಂಡು ಬಂದೆ. ನರದ್ದು ಅಂದ್ರು. ಇನ್ನೂ ಜಾಸ್ತಿ ಆಗುತ್ತೆ ಅಂದ್ರು. ಸ್ಟಾನ್‌ಗೂ ಹೇಳಿಲ್ಲ. ಡೆನಿಸ್‌ಗೆ ಗೊತ್ತಾದ ದಿನ ನನ್ನ ಕೆಲಸ ಹೋಯ್ತು. ಕೆಲಸ ಹೋದ್ರೆ ಅದರ ಜತೆ ವಿಮೆ ಹೋಯ್ತು, ವಿಮೆ ಹೋದ್ರೆ ಅವನ ಆಕ್ಸಿಜನ್ನು, ಅವನ ಮಾತ್ರೆ… ಗಣೀಲಿ ಕಲ್ಲುಪುಡಿ ಉಸಿರಾಡಿ ಉಸಿರಾಡಿ ಅವನ ಎದೇಲಿ ಏನೂ ಉಳಿದಿಲ್ಲ ಕಣೇ. ಅವನಿಗೆ ಅರವತ್ತೈದು ತುಂಬಿದ್ರೆ ಸರ್ಕಾರದ ವಿಮೆ ಬರುತ್ತೆ. ಇನ್ನು ಹದಿನಾಲ್ಕು ತಿಂಗಳು. ಹದಿನಾಲ್ಕೇ ತಿಂಗಳು! ಅಷ್ಟು ದಿನ ನೀನು ಇಲ್ಲಿದ್ರೆ ಸಾಕಿತ್ತು. ಆಮೇಲೆ ನಾನೇ ಪಿಟ್ಸ್‌ಬರ್ಗ್‌ಗೆ ಕರ್ಕೊಂಡು ಹೋಗಿ ಬಿಟ್ಟು ಬರ್ತಿದ್ದೆ. ನಿಜವಾಗ್ಲೂ.

ಹಾಗೆ ಅಂದ್ಕೊಂಡಿದ್ದೆ. ನಿನ್ನ ಕಟ್ಟಿಹಾಕಿದೆ ಅಂತ ಅನ್ನಿಸಲೇ ಇಲ್ಲ. ಇಬ್ಬರೂ ಒಂದೇ ಕೋಣೇಲಿ ಇದೀವಿ, ಬಾಗಿಲು ಹಾಕಿದೆ, ಅಷ್ಟೇ ಅಂತ…

ಏನು ಮಾಡ್ತಿದೀಯಾ? ಕೈ ಯಾಕೆ ಮೇಜಿನ ಮೇಲೆ ಇಟ್ಟೆ? … ನನ್ನ ಕೈ ಪಕ್ಕಾನೇ ಯಾಕೆ ಇಡ್ತೀಯಾ?

ಬೇಡ. ತೆಗಿ.

… ಎಷ್ಟು ಸುಮ್ಮನಿದೆ ನಿನ್ನ ಕೈ. ಬಾಯಿಗಿಂತ ಸುಮ್ಮನಿದೆ. ನಂದು ನೋಡು, ಕೂಗಾಡ್ತಿದೆ.

ಸರಿ! ಸರಿ, ಇವತ್ತು ನಾನೇ ಎಳೀತೀನಿ. ಮೂವತ್ತೊಂದು ವರ್ಷ ಎಳೆದಿಲ್ವಾ? ಸೀಸೆ ಕೊಡು… ನಾನೇ ತಗೋತೀನಿ. ನೋಡು, ಮುಚ್ಚಳಕ್ಕೆ ಸೂಜಿ… ಇಲ್ಲ, ಇಲ್ಲ… ಹಾಂ, ಹೋಯ್ತು. ಎಳೀತಿದೀನಿ. ಗುಳ್ಳೆ. ಈ ಗುಳ್ಳೆ ಒಂದು… ನಾಲ್ಕು ಇದೆಯಾ? ಕೊರಿನ್, ನೋಡಿ ಹೇಳು, ನಾಲ್ಕು ಇದೆಯಾ ಆರು ಇದೆಯಾ? ಗೆರೆ ಒಂದೇ ಕಡೆ ನಿಲ್ತಿಲ್ಲ. ನೀನು ಸಾಕ್ಷಿ ತಾನೇ? ಸಾಕ್ಷಿ ಬಾಯಿ ಬಿಡಬೇಕು. ಹೇಳೇ! ಹೀಗೇ ತಗೊಂಡು ಹೋಗಿ ಆ ಮುದುಕನಿಗೆ ಕೊಟ್ಟುಬಿಡಲಾ?

ಇಲ್ಲ. ಕೊಡಲ್ಲ. ಅಷ್ಟು ಕೆಟ್ಟಿಲ್ಲ ನಾನು. ತಗೋ, ಬಿಸಾಕಿದೆ. ಹೊಸ ಸಿರಿಂಜ್ ಇಲ್ಲಿದೆ. ನನಗೋಸ್ಕರ ಬೇಡ. ಬಾಲಿಂಟ್‌ಗೋಸ್ಕರ ಎಳೀ. ಅವನೇನು ಮಾಡಿದಾನೆ ನಿನಗೆ?

…

ಹಾಂ.

… ಎಷ್ಟು ಸಲೀಸು.

ತೋರಿಸು. ನಾಲ್ಕು. ಗುಳ್ಳೆ ಇಲ್ಲ, ಏನಿಲ್ಲ. ಗೆರೆ ಮೇಲೇ ಇದೆ. … ಇಷ್ಟೊತ್ತೂ ಈ ಕಥೆ ಎಲ್ಲಾ ಕೇಳಿದೋಳು, ಹೊಟ್ಟೇಲಿ ಬೆಂಕಿ ಇಟ್ಕೊಂಡೋಳು, ಒಂದು ಕೂದಲೆಳೆಯಷ್ಟೂ ಕೈ ಅಲ್ಲಾಡಲಿಲ್ಲ. ನಾನೇ ನೋಡಿದೆ. ನಾನೇ ಸಾಕ್ಷಿ. ಎಲ್ಲಿ ಬೇಕಾದ್ರೂ ಹೇಳ್ತೀನಿ.

… ಏನು? ಎಲ್ಲಿ ಅಂತನಾ? ಪಿಟ್ಸ್‌ಬರ್ಗ್‌ಗಾ?

ಅದನ್ನ ಹೇಳಿದ್ರೆ ಯಾರ ಕೈ ಅಂತ ಕೇಳ್ತಾರೆ ಕೊರಿನ್.

… ಗೊತ್ತು. ಗೊತ್ತು ನನಗೆ. ಸಂಜೆ ಮಾತಾಡೋಣ. ಮೊದಲು ಈ ಸಾಕ್ಷಿ ಮುಗಿಸ್ತೀನಿ, ತಡಿ, ಬಾಲಿಂಟ್ ಊಟ ಆರಿಹೋಗುತ್ತೆ. ಬೆರಳು ಇಡ್ತೀನಿ… 'ಬೆರಳು ಅಲ್ಲಾಡಿಸಬೇಡಿ.' ಇನ್ನೊಂದು ಸಲ. … 'ಬೆರಳು ಅಲ್ಲಾಡಿಸಬೇಡಿ.' ಇಟ್ಟಿದೀನಲ್ಲೋ! ಗಟ್ಟಿಯಾಗೇ ಇಟ್ಟಿದೀನಿ! … 'ದಯವಿಟ್ಟು ಬೇರೆ ನರ್ಸ್ ಕರೆಯಿರಿ'… ಬೇಡ, ಬೇಡ, ಡೆನಿಸ್‌ನ ಕರೀಬೇಡ. ಫೋನ್ ಕೆಳಗಿಡು. ಒಂದು ನಿಮಿಷ.

ಕೊರಿನ್, ಇದೊಂದು ಸಲ. ಮಣಿಕಟ್ಟು ಸ್ವಲ್ಪ ಹಿಡ್ಕೋತೀಯಾ?

… ಕೊರಿನ್?